ಮನೆಬಳಕೆಯ ಪ್ರಾಚೀನ ವಸ್ತುಗಳೂ ಅವುಗಳ ಸಂಗ್ರಹವೂ

(ಮಹೋತ್ಸವದ ಎರಡನೆಯ ದಿನದ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಈ ಮಹೋತ್ಸವದಲ್ಲಿ ನಾನೂ ನಾಲ್ಕು ಮಾತುಗಳನ್ನಾಡಬೇಕೆಂದು ಶ್ರೀ ಸನ್ನಿಧಿಯಿಂದ ಅಪ್ಪಣೆಯಾದಾಗ ನಿಜವಾಗಿಯೂ ಅಂಜಿದೆನು. ಇದೇ ವೇದಿಕೆಯ ಮೇಲೆ ನಿನ್ನೆಯ ದಿನ ವಿದ್ವಾಂಸರು ಷಟ್‌ಸ್ಥಲ ತತ್ತ್ವವನ್ನು ಕುರಿತು ಎರಡು ತಾಸು ಮಾತನಾಡಿದುದನ್ನು ತಾವೆಲ್ಲರೂ ಕೇಳಿದ್ದೀರಿ. ನಾನಾದರೋ ಕನ್ನಡ ಶಾಲೆಯಲ್ಲಿ 36 ವರ್ಷ ಮಾಸ್ತರಿಕೆ ಮಾಡಿ ನಿವೃತ್ತನಾದವನು, ಶಾಸ್ತ್ರವನ್ನು ಬಲ್ಲವನಲ್ಲ. ಹಂಡೆ, ತಂಬಿಗೆ, ಗಂಗಾಳ, ಬೀಸುವ ಕಲ್ಲು, ಮರಿಗೆ, ಅಡ್ಡಣಿಗೆ ಇವುಗಳನ್ನು ನೋಡುವುದು, ಕೂಡಿಡುವುದು, ಇವುಗಳ ವಿಷಯವನ್ನು ಬರೆದಿಡುವುದು ಇಷ್ಟೇ ನನಗೆ ತಿಳಿದ ವಿದ್ಯೆ. ಹೀಗಿರುವಲ್ಲಿ ಸನ್ನಿಧಿಯವರು ನನಗೇಕೆ ಅಪ್ಪಣೆ ಮಾಡಿದರೆಂಬುದಕ್ಕೆ ಒಂದು ಕಾರಣವುಂಟು. ಅದು ಶ್ರೀಮಠದ ಉಗ್ರಾಣಕ್ಕೆ ಸಂಬಂಧಪಟ್ಟದ್ದು. ಅದನ್ನು ಕಡೆಯಲ್ಲಿ ಅರಿಕೆಮಾಡಿಕೊಳ್ಳುವೆನು.

ಪ್ರಾಚೀನ ವಸ್ತುವೆಂದ ಕೂಡಲೆ ನಮ್ಮ ಜನರ ಕಣ್ಣಮುಂದೆ ಬರುವುವು ಶಿಲಾಶಾಸನ, ಅರಸರ ಖಡ್ಗ, ದೇವಾಲಯದ ವಿಗ್ರಹ, ಚಿನ್ನದ ವರಹ. ಅವುಗಳನ್ನು ನೋಡಿಕೊಳ್ಳಲು ಸರಕಾರದ ಇಲಾಖೆಯುಂಟು, ಕಾಯಿದೆಯುಂಟು, ಬೀಗಮುದ್ರೆಯುಂಟು. ನಾನು ಹೇಳತಕ್ಕ ವಸ್ತುಗಳಾದರೋ ಒಬ್ಬ ಬಡಿಗನೋ ಕಂಚುಗಾರನೋ ಕುಂಬಾರನೋ ಕಲ್ಲುಕುಟಿಗನೋ ಕೈಯಾರೆ ಮಾಡಿ, ನಮ್ಮಂಥವರ ಮನೆಗೆ ಕೊಟ್ಟು, ನಾಲ್ಕು ತಲೆಮಾರು ದುಡಿದು, ಕೊನೆಗೆ ಹಿತ್ತಲಲ್ಲಿಯೋ ಅಟ್ಟದ ಮೇಲೆಯೋ ಬಿದ್ದಿರುವಂಥವು. ಇವುಗಳ ಮೇಲೆ ಯಾವ ಅರಸನ ಹೆಸರೂ ಇಲ್ಲ. ಆದರೆ ಯಾರ ಹೆಸರೂ ಇಲ್ಲವೆಂದು ಮಾತ್ರ ತಿಳಿಯಬಾರದು. ಈ ದಿನ ನಾನು ಹೇಳಬೇಕಾದುದೆಲ್ಲವೂ ಬಹುಮಟ್ಟಿಗೆ ಆ ಹೆಸರುಗಳ ವಿಷಯವೇ ಆಗಿದೆ.

ನನ್ನ ಬಾಲ್ಯದಲ್ಲಿ ನಮ್ಮ ಮನೆಯ ಅಡಿಗೆಯ ಕೋಣೆಯೊಳಗೆ ಯಂತ್ರದಿಂದ ಹುಟ್ಟಿದ ವಸ್ತು ಅತಿ ವಿರಳವಾಗಿದ್ದಿತು. ಮೇಲೆ ಹಗ್ಗದ ನೆಲುವಿನಲ್ಲಿ ಮೊಸರಿನ ಗಡಿಗೆ. ಮೂಲೆಯಲ್ಲಿ ನೀರಿನ ಹರವಿ. ಗೋಡೆಗೆ ಆನಿಸಿದ ಮೊರ, ಒನಕೆ, ಕಡಗೋಲು. ಒಲೆಯ ಬಳಿ ಮರದ ಹುಟ್ಟು. ಊಟಕ್ಕೆ ಕಂಚಿನ ಗಂಗಾಳ. ಮನೆಗೆ ಜಂಗಮರು ಬಿಜಯಂಗೈದಾಗ ಪ್ರಸಾದದ ತಟ್ಟೆಯನ್ನಿಡಲು ಮುಕ್ಕಾಲಿನ ಅಡ್ಡಣಿಗೆ. ಧಾನ್ಯವನ್ನು ಅಳೆಯಲು ಪಾವು, ಸೇರು, ಬಳ್ಳ, ಕೊಳಗಗಳಿದ್ದುವು. ಮೂರನೆಯ ಇಯತ್ತೆಯಲ್ಲಿ ನಾನು ಈ ಅಳತೆಗಳ ಕೋಷ್ಟಕವನ್ನು ಬೆತ್ತದ ಭಯದಿಂದ ಬಾಯಿಪಾಠ ಮಾಡಿದ್ದೆನು. ಒಂದೂರಿನ ಕೊಳಗ ಮತ್ತೊಂದೂರಿನ ಕೊಳಗಕ್ಕೆ ಸಮನಾಗಿರುತ್ತಿರಲಿಲ್ಲವೆಂಬುದನ್ನು ಮಾತ್ರ ಯಾವ ಕೋಷ್ಟಕವೂ ಹೇಳುತ್ತಿರಲಿಲ್ಲ. ತರುವಾಯ 1956ನೆಯ ಇಸವಿಯ ಕಾಯಿದೆಯಿಂದ ಮೆಟ್ರಿಕ್ ಪದ್ಧತಿಯು ಗೊತ್ತಾಗಿ, 1958ರಿಂದ ಹಂತಹಂತವಾಗಿ ಆಚರಣೆಗೆ ಬಂದಿತು. ಕೆಲವೇ ವರ್ಷಗಳಲ್ಲಿ ಸೇರುಗಳು ಮಕ್ಕಳ ಆಟಿಕೆಯಾದುವು, ಕೊಳಗಗಳು ಕೋಳಿಗೆ ನೀರಿಡುವ ಪಾತ್ರೆಗಳಾದುವು. ನಾನೇ ಮಾಸ್ತರನಾಗಿ ಕಿಲೋ ಲೀಟರುಗಳನ್ನು ಕಲಿಸುವಾಗ ಸೇರೆಂದರೇನೆಂದು ಕೇಳುವ ಮಕ್ಕಳಿದ್ದರು.

ಇಷ್ಟನ್ನು ಹೇಳಿದುದರಿಂದ ಹಳೆಯ ಕಾಲವೇ ಒಳ್ಳೆಯದಾಗಿದ್ದಿತೆಂದು ನಾನು ವಾದಿಸುವವನೆಂದು ತಾವು ಭಾವಿಸಬಾರದು. ನನ್ನ ತಾಯಿಯವರು ಕೋಳಿ ಕೂಗುವುದಕ್ಕಿಂತ ಮೊದಲೇ ಎದ್ದು ಬೀಸುವ ಕಲ್ಲಿನ ಮುಂದೆ ಕುಳಿತುಕೊಳ್ಳುತ್ತಿದ್ದರು. ಹನ್ನೊಂದು ಜನರಿಗೆ ಬೇಕಾಗುವ ಜೋಳವನ್ನು ದಿನಾಲು ಬೀಸಿದ ಆ ಕೈಗಳನ್ನು ಕಂಡವನು ನಾನು. ನಮ್ಮೂರಿಗೆ ಹಿಟ್ಟಿನ ಗಿರಣಿ ಬಂದ ದಿನ ಅವರು ದೇವರಿಗೆ ಕಾಯಿ ಒಡೆಸಿದರು. ಆ ಕಲ್ಲಿನ ಮುಂದೆ ಮತ್ತೆ ಹೆಣ್ಣುಮಕ್ಕಳನ್ನು ಕೂಡಿಸಬೇಕೆಂದು ಹೇಳುವುದು ಕಲ್ಲೆದೆಯ ಮಾತಾದೀತು. ಆದರೂ ಒಂದು ಸಂಗತಿಯನ್ನು ಗಮನಿಸಬೇಕು. ಕಲ್ಲು ನಿಂತಿತು, ಅದರೊಡನೆ ಬೀಸುವ ಪದವೂ ನಿಂತಿತು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಪ್ರಕಟಿಸದೆ ಹೋಗಿದ್ದರೆ ಆ ಪದಗಳಲ್ಲಿ ಎಷ್ಟು ನಮಗೆ ಉಳಿಯುತ್ತಿದ್ದುವೋ ಹೇಳಲಾರೆನು. ಕಲ್ಲುಗಳು ಇನ್ನೂ ಹಿತ್ತಲಲ್ಲಿ ಗಟ್ಟಿಯಾಗಿ ಕುಳಿತಿದ್ದ ಕಾಲದಲ್ಲಿಯೇ, ಹಾಡು ಮೊದಲು ಹೋಗುವುದೆಂದು ಅವರು ಅರಿತಿದ್ದರು.

ನಾನು ಈ ಕೆಲಸಕ್ಕೆ ತೊಡಗಿದುದು ಇಂಥ ಅರಿವಿನಿಂದಲ್ಲ. ಬರೀ ಮೋಹದಿಂದ. ನಾಚಿಕೆಯಾದರೂ ಈ ಸಭೆಯಲ್ಲಿ ಅದನ್ನು ಹೇಳಿಬಿಡುವುದು ಲೇಸು.

1983ರಲ್ಲಿ ನಾನೊಂದು ಸಂತೆಯೂರಿನಲ್ಲಿ ಕೆಲಸಕ್ಕಿದ್ದೆನು. ಅಲ್ಲಿಯ ಒಂದು ಮೋಡಕಾ ಅಂಗಡಿಯಲ್ಲಿ, ಮುರಿದ ನೇಗಿಲ ಗುಳಗಳ ನಡುವೆ, ಮಸಿ ಹಿಡಿದ ದೊಡ್ಡದೊಂದು ತಾಮ್ರದ ಹಂಡೆಯು ಕಂಡಿತು. ತೂಕದ ಲೆಕ್ಕದಲ್ಲಿ ಬೆಲೆ ಕೊಟ್ಟು, ಸೈಕಲ್ಲಿಗೆ ಕಟ್ಟಿ ಮನೆಗೆ ತಂದೆನು. ಅದರ ಕಂಠದ ಸುತ್ತಲೂ ಚುಕ್ಕೆಚುಕ್ಕೆಯಾಗಿ ಏನೋ ಕೊರೆದಂತಿದ್ದಿತು. ಮಸಿಯ ಅಡಿಯಲ್ಲಿ “...ವ್ವ” ಎಂಬಷ್ಟು ಓದಲಿಕ್ಕೆ ಬರುತ್ತಿತ್ತು. ಯಾರೋ ಒಬ್ಬ ಹೆಂಗಸಿನ ಹೆಸರಿರಬೇಕೆಂದುಕೊಂಡೆನೇ ಹೊರತು, ಒಂದು ಕಾಗದದ ಮೇಲೆ ಅದನ್ನು ಬರೆದುಕೊಳ್ಳಬೇಕೆಂದು ನನಗೆ ತೋರಲಿಲ್ಲ. ಎರಡು ದಿನ ಹುಣಿಸೆಹಣ್ಣು, ಮರಳು, ಬೂದಿಗಳಿಂದ ತಿಕ್ಕಿದೆನು. ಅದರಿಂದಲೂ ತೃಪ್ತಿಯಾಗದೆ ಪಾತ್ರೆಗೆ ಹೊಳಪು ಕೊಡುವವನ ಚಕ್ರಕ್ಕೆ ಕೊಟ್ಟು ತಂದೆನು. ಹಂಡೆಯು ಉದಯಕಾಲದ ಸೂರ್ಯನಂತೆ ಹೊಳೆಯಿತು. ಬಂದವರೆಲ್ಲರೂ ಹೊಗಳಿದರು. ಮೂರು ವರ್ಷ ಅದು ನಮ್ಮ ಪಡಸಾಲೆಯ ಶೃಂಗಾರವಾಗಿದ್ದಿತು.

ಒಂದು ಭಾನುವಾರ ಎಪ್ಪತ್ತರ ಸಮೀಪದ ಒಬ್ಬ ಒಕ್ಕಲಿಗರು ನಮ್ಮ ಮನೆಯನ್ನು ಹುಡುಕಿಕೊಂಡು ಬಂದರು. ಬರಗಾಲದ ವರ್ಷದಲ್ಲಿ ಮಾರಿದ ತಮ್ಮ ಮನೆಯ ಹಂಡೆಯು ಮಾಸ್ತರರ ಬಳಿ ಇದೆಯೆಂದು ಯಾರಿಂದಲೋ ಕೇಳಿದ್ದರಂತೆ. ಅವರು ಮೊದಲು ಹಂಡೆಯನ್ನು ಬೋರಲು ಹಾಕಿ, ತಳದಲ್ಲಿದ್ದ ತೇಪೆಯನ್ನು ನೋಡಿ ತಲೆದೂಗಿದರು. ಆಮೇಲೆ ಅದನ್ನು ನೆಟ್ಟಗೆ ನಿಲ್ಲಿಸಿ, ಕಂಠದ ಸುತ್ತಲೂ ಬೆರಳಾಡಿಸಿದರು. ಒಂದು ಸುತ್ತು ಮುಗಿದ ಮೇಲೆ ಇನ್ನೊಂದು ಸುತ್ತು.

“ಇಲ್ಲೇ ನಮ್ಮವ್ವನ ಹೆಸರ ಇತ್ತಲ್ರೀ ಮಾಸ್ತರ. ಎಲ್ಲಿ ಹೋತು?” ಎಂದು ಕೇಳಿದರು.

“ಅಜ್ಜಾರ, ಅದನ್ನ ನಾನ ತಿಕ್ಕಿ ಅಳಿಸೀನ್ರಿ” ಎಂದೆನು. ಬೇರೆ ಏನನ್ನು ತಾನೆ ಹೇಳಲಿ?

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಹಗುರಾಗುತ್ತಿದ್ದಿತು. “ಆಕಿ ಹೆಸರ ಬ್ಯಾರೆ ಎಲ್ಲೂ ಬರದಿಲ್ಲರೀ. ಹೊಲದ ಉತಾರದಾಗ ಅಪ್ಪನ ಹೆಸರ ಐತಿ. ಸಾಲದ ಕಾಗದದಾಗೂ ಅವನ ಹೆಸರ ಐತಿ. ಮದವ್ಯಾಗ ತವರವರು ಈ ಹಂಡೇದ ಮ್ಯಾಲೆ ಹಾಕ್ಸಿದ್ರು, ಅದೊಂದ” ಎಂದು ಹೇಳಿ ಸುಮ್ಮನಾದರು. ಹಂಡೆಯನ್ನು ಹಾಗೆಯೇ ಒಯ್ಯಿರೆಂದು ಎಷ್ಟು ಹೇಳಿದರೂ ಕೇಳದೆ, ನಾನು ಕೊಟ್ಟಷ್ಟೇ ಹಣವನ್ನು ಎಣಿಸಿ ಜಗುಲಿಯ ಮೇಲಿಟ್ಟು, ಬಸ್ಸಿನ ಮೇಲೆ ಹಾಕಿಕೊಂಡು ಹೋದರು. ಹೋಗುವ ಮುನ್ನ ಅವರ ತಾಯಿಯ ಹೆಸರನ್ನೂ ತವರೂರನ್ನೂ ಕೇಳಿ ಒಂದು ನೋಟುಪುಸ್ತಕದಲ್ಲಿ ಬರೆದುಕೊಂಡೆನು. ಆ ಪುಸ್ತಕದ ಮೊದಲನೆಯ ಪುಟ ಅದೇ. ಹಂಡೆಯು ನನ್ನ ಸಂಗ್ರಹದಲ್ಲಿಲ್ಲ. ಆ ಮನೆಯಲ್ಲಿ ಮತ್ತೆ ನೀರು ಕಾಯಿಸುತ್ತಿರುವುದಾಗಿ ಆಮೇಲೆ ತಿಳಿಯಿತು.

ನಮ್ಮ ನಾಡಿನಲ್ಲಿ ಓದುಬರಹ ಕಲಿಯದೆ ಬಾಳಿ ಹೋದ ತಾಯಂದಿರೆಷ್ಟು ಮಂದಿ! ಅವರ ಹೆಸರು ಶಾಸನದಲ್ಲಿಲ್ಲ, ಕಡತದಲ್ಲಿಲ್ಲ, ಭೂಮಿಯ ಕಾಗದಪತ್ರದಲ್ಲಿ ಬಹುತೇಕ ಇಲ್ಲ. ಮದುವೆಯಲ್ಲಿ ತವರವರು ಕೊಟ್ಟ ತಂಬಿಗೆಯ ಮೇಲೆ, ಕೊಡದ ಕಂಠದ ಮೇಲೆ, ಕಂಚುಗಾರನು ಮೊಳೆಯಿಂದ ಚುಕ್ಕೆಯಿಟ್ಟು ಬರೆದ ನಾಲ್ಕು ಅಕ್ಷರಗಳೇ ಎಷ್ಟೋ ಜನರ ಪಾಲಿಗೆ ಉಳಿದ ಬರಹ. ಅದನ್ನೂ ನಾವು ಪ್ರತಿ ಹಬ್ಬಕ್ಕೆ ಹುಣಿಸೆಹಣ್ಣು ಹಾಕಿ ತಿಕ್ಕುತ್ತಿದ್ದೇವೆ. ತಿಕ್ಕಿ ಸವೆದ ಮೇಲೆ ತೂಕಕ್ಕೆ ಕೊಡುತ್ತಿದ್ದೇವೆ.

ಈ ಮಾರ್ಗದಲ್ಲಿ ನಮಗಿಂತ ಮುಂಚೆ ನಡೆದ ಹಿರಿಯರನ್ನು ನೆನೆಯುವುದು ಯುಕ್ತವಾಗಿದೆ. ಪುಣೆಯ ದಿನಕರ ಗಂಗಾಧರ ಕೇಳಕರರು (1896–1990) ಕನ್ನಡಕದ ವ್ಯಾಪಾರ ಮಾಡಿಕೊಂಡಿದ್ದವರು. ‘ಅಜ್ಞಾತವಾಸಿ’ ಎಂಬ ಹೆಸರಿನಿಂದ ಮರಾಠಿಯಲ್ಲಿ ಕವಿತೆ ಬರೆಯುತ್ತಿದ್ದರು. 1920ರ ಸುಮಾರಿನಿಂದ ಅವರು ಹಳೆಯ ದೀಪ, ಅಡಕೊತ್ತು, ಮಸಿಕುಡಿಕೆ, ಬಾಚಣಿಗೆ, ಬಾಗಿಲುವಾಡಗಳನ್ನು ಕೂಡಿಹಾಕತೊಡಗಿದರು. ಎಳೆಯ ವಯಸ್ಸಿನಲ್ಲಿ ತೀರಿಕೊಂಡ ಮಗ ರಾಜಾನ ಹೆಸರನ್ನು ಆ ಸಂಗ್ರಹಕ್ಕೆ ಇಟ್ಟರು. ಸುಮಾರು 20,000 ವಸ್ತುಗಳಷ್ಟಾದ ಅದನ್ನು 1975ರಲ್ಲಿ ಮಹಾರಾಷ್ಟ್ರ ಸರಕಾರಕ್ಕೆ ಒಪ್ಪಿಸಿದರು. ಪುಣೆಗೆ ಹೋದವರು ಅದನ್ನು ನೋಡದೆ ಬರಬಾರದು. ಒಂದು ಅಡಕೊತ್ತಿನಲ್ಲಿ ಕುಶಲಕರ್ಮಿಯು ಎಷ್ಟು ಮನಸ್ಸನ್ನಿಟ್ಟಿರಬಲ್ಲನೆಂಬುದು ಅಲ್ಲಿ ತಿಳಿಯುವುದು. ಅಹಮದಾಬಾದಿನ ಸುರೇಂದ್ರ ಪಟೇಲರು, ಹಳೆಯ ಪಾತ್ರೆಗಳೆಲ್ಲವೂ ಕುಲುಮೆಗೆ ಹೋಗಿ ಕರಗುತ್ತಿರುವುದನ್ನು ಕಂಡು, 1981ರಲ್ಲಿ ಕೇವಲ ಪಾತ್ರೆಗಳಿಗಾಗಿಯೇ ಒಂದು ವಸ್ತುಸಂಗ್ರಹಾಲಯವನ್ನು ತೆರೆದರು. ನಮ್ಮ ನಾಡಿನಲ್ಲಿ ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ 1994ರಲ್ಲಿ ಜಾನಪದ ಲೋಕವನ್ನು ಕಟ್ಟಿದರು. ಮೈಸೂರಿನ ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸದಲ್ಲಿ ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವುಂಟು. ಮಣಿಪಾಲದಲ್ಲಿ ಬ್ಯಾಂಕಿನ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈಯವರು ಬೀಳಲಿದ್ದ ಹಳೆಯ ಮನೆಗಳನ್ನೇ ಬಿಚ್ಚಿ ತಂದು ಮರಳಿ ನಿಲ್ಲಿಸಿದರು.

ಇವರೆಲ್ಲರಿಗಿಂತ ಮೊದಲು ಈ ಸಭೆಯಲ್ಲಿ ನೆನೆಯಬೇಕಾದವರು ಫ. ಗು. ಹಳಕಟ್ಟಿಯವರು (1880–1964). ಅವರು ಕೂಡಿಸಿದುದು ತಾಡೋಲೆ, ನಾನು ಕೂಡಿಸುವುದು ತಪ್ಪೇಲೆ. ಹೋಲಿಕೆಯು ಅತಿಯಾಯಿತೆಂದು ತಾವು ನಗಬಹುದು. ಆದರೆ ವಚನಗಳ ಆ ಓಲೆಗಳು ಇದ್ದುದೆಲ್ಲಿ? ಮಠಗಳಲ್ಲಿದ್ದಂತೆಯೇ ಮನೆಗಳಲ್ಲಿ, ವಸ್ತ್ರದಲ್ಲಿ ಸುತ್ತಿ ಜಗುಲಿಯ ಮೇಲೆ, ಪೂಜೆಗೊಳ್ಳುತ್ತ, ಓದುವವರಿಲ್ಲದೆ ಇದ್ದುವು. ಅವರು ಮನೆಮನೆಗೆ ಹೋಗಿ ಕೇಳಿದರು, ಪ್ರತಿಮಾಡಿದರು, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಬೆಳಕಿಗೆ ತಂದರು, 1925ರಲ್ಲಿ ಅದಕ್ಕಾಗಿಯೇ ಮುದ್ರಣಾಲಯವನ್ನು ಸ್ಥಾಪಿಸಿದರು. ಮನೆಯಲ್ಲಿ ಇದ್ದುದನ್ನು ಮನೆಯವರು ಅರಿಯದೆ ಹೋಗುವುದು ನಮಗೆ ಹೊಸದಲ್ಲ.

ಇನ್ನು ಹಳೆಯದನ್ನು ಗುರುತಿಸುವ ಬಗೆ ಹೇಗೆಂದು ಹಲವರು ಕೇಳುತ್ತಾರೆ. ಈ ವಿಷಯದಲ್ಲಿ ನನಗೆ ಗುರುಗಳಾದವರು ಪುಸ್ತಕ ಬರೆದವರಲ್ಲ, ಹಳ್ಳಿಯ ಬಡಿಗರು ಮತ್ತು ಕಲಾಯಿಯವರು.

ಕೈಯಿಂದ ಬಡಿದು ಮಾಡಿದ ಹಳೆಯ ತಾಮ್ರದ ಹಂಡೆಯ ಮಗ್ಗುಲನ್ನು ದೀಪದ ಬೆಳಕಿಗೆ ಓರೆಯಾಗಿ ಹಿಡಿದು ನೋಡಿರಿ. ಸುತ್ತಿಗೆಯ ಪೆಟ್ಟುಗಳು ಮೀನಿನ ಹುರುಪೆಯಂತೆ ಸಾಲಾಗಿ ಕಾಣುವುವು. ಒಂದೆಡೆ ತಗಡಿನ ಎರಡಂಚುಗಳು ಕೂಡಿದ ಬೆಸುಗೆಯಿರುವುದು. ಅದು ನೆಟ್ಟನೆಯ ಗೆರೆಯಾಗಿರದೆ ಹಲ್ಲುಹಲ್ಲಾಗಿದ್ದರೆ, ಅಂದರೆ ಒಂದಂಚಿನ ಹಲ್ಲನ್ನು ಇನ್ನೊಂದಂಚಿನ ಸಂದಿನಲ್ಲಿ ಸಿಕ್ಕಿಸಿ ಬೆಸೆದು ಬಡಿದಿದ್ದರೆ, ಅದು ಹಳೆಯ ಕೈಗೆಲಸದ ಬಲವಾದ ಗುರುತು. ಯಂತ್ರದ ಚಕ್ರದ ಮೇಲೆ ಒತ್ತಿ ಮಾಡಿದ ಪಾತ್ರೆಗೆ ಈ ಬೆಸುಗೆಯಿಲ್ಲ; ಸುತ್ತುಸುತ್ತಾದ ಸಣ್ಣ ಗೆರೆಗಳಿರುವುವು. ಆದರೆ ಎರಕ ಹೊಯ್ದ ತಂಬಿಗೆಗಳನ್ನು ಪೂರ್ವದಲ್ಲಿಯೂ ಚರಕಿಗೆ ಹಿಡಿದು ನಯಮಾಡುತ್ತಿದ್ದರು. ಆದಕಾರಣ ಗೆರೆ ಕಂಡ ಮಾತ್ರಕ್ಕೆ ಹೊಸದೆಂದು ತಳ್ಳಬಾರದು. ನಾನು ಹಾಗೆ ತಳ್ಳಿ ಎರಡು ಒಳ್ಳೆಯ ತಂಬಿಗೆಗಳನ್ನು ಕಳೆದುಕೊಂಡಿದ್ದೇನೆ.

ಮರದ ವಸ್ತುಗಳಲ್ಲಿ ಒಂದು ಸೊಗಸಾದ ಪರೀಕ್ಷೆಯುಂಟು. ಮರವು ಒಣಗುತ್ತ ಹೋದಂತೆ ಎಳೆಯ ಅಡ್ಡಕ್ಕೆ ಕುಗ್ಗುವುದು. ಎಳೆಯ ಉದ್ದಕ್ಕೆ ಕುಗ್ಗುವುದು ಅತ್ಯಲ್ಪ. ಆದುದರಿಂದ ದುಂಡಗೆ ಕಡೆದ ಬಟ್ಟಲು ಕಾಲಾಂತರದಲ್ಲಿ ಪೂರ್ಣ ದುಂಡಾಗಿ ಉಳಿಯಲಾರದು, ಸ್ವಲ್ಪ ಮೊಟ್ಟೆಯ ಆಕಾರಕ್ಕೆ ತಿರುಗುವುದು. ಒಂದು ದಾರವನ್ನು ಹಿಡಿದು ಬಾಯಿಯನ್ನು ಎರಡು ದಿಕ್ಕಿನಿಂದ ಅಳೆದರೆ ತಿಳಿದುಹೋಗುವುದು. ನೂರು ವರ್ಷದ ಮರಿಗೆಯೆಂದು ಹೇಳಿ ಮಾರುವವನ ಬಟ್ಟಲು ಎತ್ತಲಿಂದ ಅಳೆದರೂ ಒಂದೇ ಅಳತೆಗೆ ಬಂದರೆ ಸಂಶಯಪಡಬೇಕು. ಹಾಗೆಯೇ ಪೆಟ್ಟಿಗೆಯ ಹಿಂಬದಿಯ ಹಲಗೆಯನ್ನು ನೋಡಬೇಕು. ಕೈಗರಗಸದ ಗೆರೆಗಳು ನೆಟ್ಟಗಿದ್ದು ಒಂದಕ್ಕೊಂದು ಸಮನಾಗಿರುವುದಿಲ್ಲ. ಚಕ್ರಗರಗಸದ ಗೆರೆಗಳು ಕಮಾನಿನಂತೆ ಬಾಗಿರುವುವು. ಕಮ್ಮಾರನು ಬಡಿದ ಮೊಳೆಯ ಕಾಲು ಚೌಕವಾಗಿದ್ದು, ತಲೆಯೊಂದೊಂದೂ ಬೇರೆ ಬೇರೆಯಾಗಿರುವುದು.

ಎಲ್ಲಕ್ಕಿಂತ ಮುಖ್ಯವಾಗಿ ಸವೆತವನ್ನು ನೋಡಬೇಕು. ಲಟ್ಟಣಿಗೆಯು ನಡುವೆ ತೆಳ್ಳಗಾಗಿರಬೇಕು. ಈಳಿಗೆಮಣೆಯು ಕಾಲೊತ್ತುವ ಜಾಗದಲ್ಲಿ ತಗ್ಗಾಗಿರಬೇಕು. ಬೀಸುವ ಕಲ್ಲಿನ ಗೂಟವು ಅಂಗೈ ತಾಗುವಲ್ಲಿ ಕನ್ನಡಿಯಂತಿರಬೇಕು. ಈಗ ಪಟ್ಟಣಗಳಲ್ಲಿ ಹೊಸ ಹಿತ್ತಾಳೆಗೆ ಆಮ್ಲ ಬಳಿದು, ತಿಪ್ಪೆಯಲ್ಲಿ ಹೂತಿಟ್ಟು, ಕಿಲುಬು ಹಿಡಿಸಿ ಮಾರುವ ವಿದ್ಯೆ ಬೆಳೆದಿದೆ. ಕಿಲುಬನ್ನು ಅವರು ತರಬಲ್ಲರು. ಅತ್ತೆ ಸೊಸೆಯರು ಅರುವತ್ತು ವರ್ಷ ಒಂದೇ ಕಡೆಯಲ್ಲಿ ಕೈಯಿಟ್ಟ ಸವೆತವನ್ನು ಸರಿಯಾದ ಜಾಗದಲ್ಲಿ ತರುವುದು ಅವರಿಗೆ ಕಷ್ಟ.

ಸಂಗ್ರಹಿಸುವವನು ಎಲ್ಲವನ್ನೂ ಕೊಳ್ಳತಕ್ಕದ್ದಲ್ಲ. ಒಂದು ಹಳ್ಳಿಯಲ್ಲಿ ಕಲಘಟಗಿಯ ಬಣ್ಣದ ತೊಟ್ಟಿಲೊಂದಿರುವುದೆಂದು ಕೇಳಿ ಹೋಗಿದ್ದೆನು. ಅರಗಿನ ಬಣ್ಣವು ನಿನ್ನೆ ಹಚ್ಚಿದಂತಿದ್ದಿತು. ಮನೆಯಲ್ಲಿ ಒಬ್ಬ ಮುದುಕಿ ಮಾತ್ರ ಇದ್ದರು. “ಯವ್ವಾ, ಇದನ್ನ ಕೊಡ್ತೀರೇನು?” ಎಂದು ಕೇಳಿದೆನು. “ಒಯ್ಯಪಾ, ಒಯ್ಯಿ. ಆದ್ರ ಮುಂದಿನ ತಿಂಗಳ ಗೌಡರ ಸೊಸಿ ಹಡಿಯಾಕಿ ಅದಾಳ, ಅಷ್ಟರಾಗ ತಂದ ಕೊಡು” ಎಂದರು! ಆ ತೊಟ್ಟಿಲು ಆ ಓಣಿಯ ಎಲ್ಲ ಮಕ್ಕಳದ್ದಾಗಿದ್ದಿತು. ಎಲ್ಲಿ ಕೂಸು ಹುಟ್ಟಿದರೂ ಅಲ್ಲಿಗೆ ಹೋಗಿ ತಿರುಗಿ ಬರುತ್ತಿದ್ದಿತು. ನಾನು ಅದರ ಚಿತ್ರವನ್ನೂ ಅಳತೆಯನ್ನೂ ಬರೆದುಕೊಂಡು, ಅವರು ಕೊಟ್ಟ ಮಜ್ಜಿಗೆ ಕುಡಿದು ಬಂದೆನು. ಬಳಕೆಯಲ್ಲಿರುವುದನ್ನು ಕಿತ್ತು ತಂದು ಗಾಜಿನ ಪೆಟ್ಟಿಗೆಯಲ್ಲಿಡುವುದು ಸಂಗ್ರಹವಲ್ಲ. ಹಾಗೆಯೇ ಬಡತನದಲ್ಲಿರುವವರ ಕೈಯಿಂದ ಮೋಡಕಾ ಬೆಲೆಗೆ ಕೊಂಡು ಪಟ್ಟಣದಲ್ಲಿ ಹತ್ತುಪಟ್ಟಿಗೆ ಮಾರುವವರನ್ನು ಸಂಗ್ರಾಹಕರೆಂದು ಕರೆಯಲು ನನ್ನ ನಾಲಿಗೆ ಬಾರದು.

ಕಾಯಿದೆಯ ವಿಷಯವನ್ನೂ ಸಂಕ್ಷೇಪವಾಗಿ ಹೇಳುವೆನು. 1972ನೆಯ ಇಸವಿಯ ಪ್ರಾಚೀನ ವಸ್ತುಗಳ ಕಾಯಿದೆಯು 1976ರಿಂದ ಜಾರಿಯಲ್ಲಿದೆ. ನೂರು ವರ್ಷಕ್ಕೆ ಕಡಿಮೆಯಿಲ್ಲದ ಕಲಾಕೃತಿ ಕುಶಲಕೃತಿಗಳೂ, 75 ವರ್ಷಕ್ಕೆ ಕಡಿಮೆಯಿಲ್ಲದ ಮಹತ್ವದ ಹಸ್ತಪ್ರತಿಗಳೂ ಅದರ ಮೇರೆಗೆ ಪ್ರಾಚೀನ ವಸ್ತುಗಳೆನಿಸುವುವು. ಇವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಸರಕಾರವು ಗೊತ್ತುಪಡಿಸಿದ ವರ್ಗದವನ್ನು ನೋಂದಾಯಿಸಬೇಕು. ಹೊಲ ಉಳುವಾಗ, ಪಾಯ ತೋಡುವಾಗ ನೆಲದಲ್ಲಿ ಹುದುಗಿದ ಬೆಲೆಬಾಳುವ ವಸ್ತು ಸಿಕ್ಕರೆ 1878ರ ನಿಧಿ ಕಾಯಿದೆಯ ಪ್ರಕಾರ ಜಿಲ್ಲಾಧಿಕಾರಿಗಳಿಗೆ ತಿಳಿಸತಕ್ಕದ್ದು. ಅಜ್ಜಿಯ ಒರಳುಕಲ್ಲನ್ನು ಮನೆಯಲ್ಲಿಟ್ಟುಕೊಳ್ಳುವುದಕ್ಕೆ ಯಾರೂ ಅಂಜಬೇಕಾದುದಿಲ್ಲ.

ಈಗ ಉಗ್ರಾಣದ ಮಾತು. ಶ್ರೀಮಠದ ದಾಸೋಹಕ್ಕೆ ಹೊಸ ಉಕ್ಕಿನ ಪಾತ್ರೆಗಳನ್ನು ತರಿಸಬೇಕೆಂದೂ, ಉಗ್ರಾಣದಲ್ಲಿ ಬಹುಕಾಲದಿಂದ ಬಿದ್ದಿರುವ ತಾಮ್ರ ಹಿತ್ತಾಳೆಗಳನ್ನು ತೂಕಕ್ಕೆ ಕೊಟ್ಟು ಆ ವೆಚ್ಚಕ್ಕೆ ಸೇರಿಸಬೇಕೆಂದೂ ಮಹೋತ್ಸವದ ಸಮಿತಿಯು ಯೋಚಿಸಿತು. ಯೋಚನೆಯಲ್ಲಿ ತಪ್ಪಿಲ್ಲ. ಕಲಾಯಿ ಇಲ್ಲದ ತಾಮ್ರದಲ್ಲಿ ಹುಳಿಯ ಪದಾರ್ಥವನ್ನು ಬೇಯಿಸುವುದು ದೇಹಕ್ಕೆ ಕೆಡುಕು. ತವರವನ್ನು ಕರಗಿಸಿ ನವಸಾಗರ ಹಾಕಿ ಕಲಾಯಿ ಮಾಡುವವರು ಈಗ ಸುಲಭವಾಗಿ ಸಿಕ್ಕುವುದಿಲ್ಲ. ಸಾವಿರಾರು ಜನರ ಪ್ರಸಾದಕ್ಕೆ ಉಕ್ಕಿನ ಪಾತ್ರೆಯೇ ಯೋಗ್ಯವಾದುದು. ಆದರೂ ತೂಕದವನನ್ನು ಕರೆಸುವ ಮೊದಲು ಒಮ್ಮೆ ನೋಡಲು ಬರಬೇಕೆಂದು ಸನ್ನಿಧಿಯವರು ನನಗೆ ಹೇಳಿಕಳುಹಿಸಿದರು. ಹೋದ ತಿಂಗಳು ಎರಡು ದಿನ ಅಲ್ಲಿ ಕುಳಿತೆನು.

ಏನನ್ನು ಹೇಳಲಿ! ನಾಲ್ಕು ಕೊಪ್ಪರಿಗೆಗಳು, ಏಳು ಹಂಡೆಗಳು, ಲೆಕ್ಕಕ್ಕೆ ಸಿಕ್ಕದಷ್ಟು ತಂಬಿಗೆ ಗಂಗಾಳಗಳು, ಆಳೆತ್ತರದ ಮರದ ಹುಟ್ಟುಗಳು, ಕಬ್ಬಿಣದ ಪಟ್ಟಿ ಹಾಕಿದ ಎರಡು ಕೊಳಗಗಳು, ಒಂದು ಮುರಿದ ಅಡ್ಡಣಿಗೆ. ಅವುಗಳಲ್ಲಿ 63ರ ಮೇಲೆ ಅಕ್ಷರಗಳಿವೆ. ಈ ಸಾರಿ ನಾನು ಹುಣಿಸೆಹಣ್ಣನ್ನು ಮುಟ್ಟಲಿಲ್ಲ. ಒಣಬಟ್ಟೆಯಿಂದ ಧೂಳನ್ನೊರಸಿ, ಮೇಲೆ ತೆಳುಕಾಗದವನ್ನಿಟ್ಟು ಸೀಸದ ಕಡ್ಡಿಯನ್ನು ಮೆಲ್ಲಗೆ ಉಜ್ಜಿ, ಅಚ್ಚನ್ನು ತೆಗೆದುಕೊಂಡೆನು. ಈಗ ಎಲ್ಲರ ಕೈಯಲ್ಲಿಯೂ ಚಿತ್ರ ತೆಗೆಯುವ ಫೋನುಗಳಿವೆ; ದೀಪವನ್ನು ಓರೆಯಾಗಿ ಹಿಡಿದು ತೆಗೆದರೆ ಅದೂ ಆದೀತು. ಹಲವು ಪಾತ್ರೆಗಳ ಮೇಲೆ ಊರಿನ ಹೆಸರೂ ಭಕ್ತರ ಹೆಸರೂ ‘ಸೇವೆ’ ಎಂಬ ಮಾತೂ ಇವೆ. ಅವುಗಳಲ್ಲಿ 22 ಹೆಸರುಗಳು ತಾಯಂದಿರವು.

ಅತಿ ದೊಡ್ಡ ಕೊಪ್ಪರಿಗೆಯ ಮೇಲೆ ಪ್ರಭವ ಸಂವತ್ಸರವೆಂದು ಬರೆದಿದೆ. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ಅದು 1867 ಆಗಿರಬಹುದು, 1927 ಆಗಿರಬಹುದು, 1987 ಆಗಿರಬಹುದು. ಹಲ್ಲುಬೆಸುಗೆಯನ್ನು ನೋಡಿದರೆ 1987 ಎನ್ನಲು ಮನಸ್ಸೊಪ್ಪದು. ಉಳಿದೆರಡರಲ್ಲಿ ಯಾವುದೆಂಬುದನ್ನು ಲೋಹವು ಹೇಳಲಾರದು. ಅದರ ಮೇಲಿರುವ ಭಕ್ತರ ಮನೆತನದವರು ಈ ಸಭೆಯಲ್ಲಿಯೇ ಇದ್ದರೆ, ಅವರ ಮನೆಯ ಹಿರಿಯರು ಒಂದು ಮಾತಿನಲ್ಲಿ ಹೇಳಿಯಾರು.

ಈ ನನ್ನ ಅರಿಕೆಗೆ ಕೆಲವರು ಹಿರಿಯರು ಒಂದು ಆಕ್ಷೇಪವನ್ನೆತ್ತಿದ್ದಾರೆ. ದಾಸೋಹಕ್ಕೆಂದು ಕೊಟ್ಟ ಲೋಹವು ದಾಸೋಹಕ್ಕೇ ಸಲ್ಲಬೇಕು. ಸುಮ್ಮನೆ ಕೋಣೆಯಲ್ಲಿ ಪ್ರದರ್ಶನಕ್ಕಿಟ್ಟರೆ ಕೊಟ್ಟವರ ಸೇವೆಯು ನಿಂತುಹೋದಂತಾಗುವುದು, ಕರಗಿದರೂ ಮಾರಿದರೂ ಅನ್ನವಾಗಲಿ, ಎಂಬುದು ಅವರ ಅಭಿಪ್ರಾಯ. ಇದು ತಳ್ಳಿಹಾಕತಕ್ಕ ಮಾತಲ್ಲ. ನಾನು ಎರಡು ರಾತ್ರಿ ಇದನ್ನೇ ಯೋಚಿಸಿದೆನು. ಕೊಟ್ಟವರು ಲೋಹವನ್ನಷ್ಟೇ ಕೊಟ್ಟಿದ್ದರೆ ಅವರ ಮಾತು ಸರಿ. ಆದರೆ ಲೋಹವನ್ನೇ ಕೊಡಬೇಕೆಂದಿದ್ದರೆ ಹೆಸರನ್ನೇಕೆ ಕೊರೆಸುತ್ತಿದ್ದರು? ಅಲ್ಲದೆ ಅದರಲ್ಲಿ ಕಂಚುಗಾರನ ಕಾಯಕವೂ ಕೂಡಿದೆ. ಆತನ ಹೆಸರಂತೂ ಎಲ್ಲಿಯೂ ಇಲ್ಲ. ತಕ್ಕಡಿಯಲ್ಲಿ ಇವೆರಡಕ್ಕೂ ತೂಕವಿಲ್ಲ.

ಆದುದರಿಂದ ನಾನು ಸನ್ನಿಧಿಯವರಲ್ಲಿ ಬಿನ್ನವಿಸಿಕೊಂಡುದು ಇಷ್ಟೆ: ಹೆಸರಿಲ್ಲದ, ಯಂತ್ರದಲ್ಲಿ ಮಾಡಿದ, ತೂತು ಬಿದ್ದ ಪಾತ್ರೆಗಳು ತೂಕಕ್ಕೆ ಹೋಗಲಿ, ಅವು ಅರ್ಧಕ್ಕಿಂತಲೂ ಹೆಚ್ಚಾಗಿವೆ. ಹೆಸರುಳ್ಳವು ಉಳಿಯಲಿ. ದೊಡ್ಡ ಕೊಪ್ಪರಿಗೆಗೆ ಕಲಾಯಿ ಮಾಡಿಸಿ, ವರ್ಷಕ್ಕೊಮ್ಮೆ ಜಾತ್ರೆಯ ದಾಸೋಹದ ದಿನ ಅದರಲ್ಲಿಯೇ ಪಾಯಸವನ್ನು ಮಾಡಿಸಬಹುದು. ಆಗ ಸೇವೆಯೂ ನಿಲ್ಲದು. ಉಳಿದವುಗಳನ್ನಿಡಲು ಉಗ್ರಾಣದ ಮೂಡಣ ಕೋಣೆಯನ್ನು ಸನ್ನಿಧಿಯವರು ದಯಪಾಲಿಸಿದ್ದಾರೆ. ಪ್ರತಿಯೊಂದಕ್ಕೂ ಬಣ್ಣ ಬಳಿಯದೆ, ದಾರದಲ್ಲಿ ಒಂದು ಚೀಟಿಯನ್ನು ಕಟ್ಟಬೇಕು. ಅದರಲ್ಲಿ ಯಾವ ಊರು, ಯಾರ ಮನೆ, ಏತಕ್ಕೆ ಬಳಸುತ್ತಿದ್ದರು, ನಿಮ್ಮ ಕಡೆ ಅದನ್ನು ಏನೆಂದು ಕರೆಯುತ್ತಾರೆ ಎಂಬಿಷ್ಟು ಇರಬೇಕು. ಒಂದೇ ವಸ್ತುವಿಗೆ ಹತ್ತು ಹರದಾರಿಗೆ ಒಂದೊಂದು ಹೆಸರುಂಟು. ಆ ಹೆಸರುಗಳೂ ಪಾತ್ರೆಗಳಂತೆಯೇ ಕಣ್ಮರೆಯಾಗುತ್ತಿವೆ.

ಇದರಲ್ಲಿ ಅಚ್ಚು ತೆಗೆಯುವುದು, ಅಳೆಯುವುದು, ಬರೆಯುವುದು ನನ್ನ ಕೆಲಸ. ಹೆಸರನ್ನು ಗುರುತಿಸುವುದು ತಮ್ಮದು. 63ರಲ್ಲಿ 41ನ್ನು ಪೂರ್ತಿಯಾಗಿ ಓದಿದ್ದೇನೆ. ಉಳಿದ 22ರಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ಮಾತ್ರ ಉಳಿದಿದೆ. ಆ ಅಚ್ಚುಗಳನ್ನು ಪಡಸಾಲೆಯ ಗೋಡೆಗೆ ಅಂಟಿಸಿದ್ದೇನೆ. ನಾಳೆ ಮುಂಜಾನೆ ಪೂಜೆಯಾದ ಮೇಲೆ ಪ್ರಸಾದದ ಹೊತ್ತಿನವರೆಗೆ ಉಗ್ರಾಣದ ಬಾಗಿಲು ತೆರೆದಿರುವುದು. ಮನೆಯಲ್ಲಿ ವಯಸ್ಸಾದ ತಾಯಂದಿರಿದ್ದರೆ ದಯವಿಟ್ಟು ಅವರನ್ನೂ ಕರೆತನ್ನಿರಿ. ಓದಲು ಬಾರದಿದ್ದರೂ ಚಿಂತೆಯಿಲ್ಲ, ಪಾತ್ರೆಯನ್ನು ಕಂಡರೆ ಅವರು ಗುರುತು ಹಿಡಿಯುವರು. ಬರುವವರು ಕನ್ನಡಕವನ್ನು ಮರೆಯಬಾರದು. ಅಕ್ಷರಗಳು ಬಹಳ ಸಣ್ಣವು, ಕೋಣೆಯಲ್ಲಿ ಬೆಳಕೂ ಸ್ವಲ್ಪ ಕಡಿಮೆ.